ಕನ್ಸೋಲಿನೊಳಗಿನ ಸರ್ಜನ್: ಬಳಕೆದಾರರ ಕೈಪಿಡಿ

ರೋಬೋಟ್ ಬಂದಾಗ ಅದರ ಜೊತೆಗೆ ದಪ್ಪನೆಯ ಕೈಪಿಡಿ ಬಂತು, ತರಬೇತಿ ಕೊಡಲು ಕಂಪನಿಯವರು ಬಂದರು, ಮೇಂಟೆನೆನ್ಸ್ ಕಾಂಟ್ರ್ಯಾಕ್ಟೂ ಬಂತು. ಅದನ್ನು ನಡೆಸುವ ಸರ್ಜನ್ ಮಾತ್ರ ಕೈಪಿಡಿಯಿಲ್ಲದೆ ಹಾಗೇ ಬಂದುಬಿಟ್ಟರು. ಹದಿನಾಲ್ಕು ವರ್ಷ ಸ್ಕ್ರಬ್ ಸಿಸ್ಟರ್ ಆಗಿ ನಿಂತು ಕಾಲು ನೋಯಿಸಿಕೊಂಡ ನಾನು ಆ ಕೊರತೆ ತುಂಬಲು ಹೊರಟಿದ್ದೇನೆ. ಓಟಿಗೆ ಹೊಸದಾಗಿ ಬರುವವರು ಮೊದಲ ಕೇಸಿಗೆ ಮುಂಚೆ ಓದಿಕೊಳ್ಳಿ. ಸರ್ಜನ್‌ಗಳೂ ಓದಬಹುದು, ಬೈಯಬಾರದು.

ಉಪಕರಣದ ಪರಿಚಯ

ಡಾ ವಿಂಚಿ ಯಂತ್ರದಲ್ಲಿ ಮೂರು ಭಾಗ. ರೋಗಿಯ ಮೇಲೆ ಬಾಗುವ ನಾಲ್ಕು ತೋಳಿನ ಗಾಡಿ, ಪರದೆ ಹೊತ್ತ ಇನ್ನೊಂದು ಗಾಡಿ, ಸರ್ಜನ್ ಕೂರುವ ಕನ್ಸೋಲ್. ಟೇಬಲ್‌ನಿಂದ ನಾಲ್ಕು ಹೆಜ್ಜೆ ಆಚೆ, ಗ್ಲೌಸ್ ಹಾಕದೆ, ಪೆಡಲ್ ತಿಳಿಯಲಿ ಎಂದು ಚಪ್ಪಲಿಯನ್ನೂ ಬಿಟ್ಟು, ಗೂಡಿನೊಳಗೆ ಮುಖ ಹುದುಗಿಸಿ ಅವರು ಕೂರುತ್ತಾರೆ. ಅಲ್ಲಿ ಎಲ್ಲವೂ ಹತ್ತು ಪಟ್ಟು ದೊಡ್ಡದು. ಎಳೆಯಂಥ ರಕ್ತನಾಳ ಹಗ್ಗವಾಗಿ ಕಾಣುತ್ತದೆ. ಕಾಣದೇ ಇರುವವರು ನಾವು.

ಹಿಂದೆಲ್ಲ ಸರ್ಜನ್ ಕೈ ಚಾಚಿದರೆ ಸಾಕಿತ್ತು. ಬೆರಳು ಮಡಿಚಿದ ರೀತಿ ನೋಡಿಯೇ ಕತ್ತರಿ ಬೇಕೋ ಫೋರ್ಸೆಪ್ಸ್ ಬೇಕೋ ತಿಳಿಯುತ್ತಿತ್ತು. ಮಾಸ್ಕಿನ ಮೇಲಿನ ಹುಬ್ಬು ಗಂಟಿಕ್ಕಿದರೆ ಬ್ಲಡ್ ಬ್ಯಾಂಕಿಗೆ ಫೋನ್ ಮಾಡುವ ಹೊತ್ತಾಯಿತು ಎಂದು ಅರ್ಥ. ಈಗ ಆ ಕೈಯೂ ಇಲ್ಲ, ಹುಬ್ಬೂ ಇಲ್ಲ. ಸ್ಪೀಕರ್‌ನಿಂದ ಹೊರಡುವ ಅಶರೀರವಾಣಿಯೊಂದೇ. ಪುರಾಣದ ಅಶರೀರವಾಣಿಯಾದರೂ ಎಂಟನೇ ಗರ್ಭ ಅಂತ ಲೆಕ್ಕ ಹಾಕಿ ಹೇಳುತ್ತಿತ್ತು. ಇದು ‘ಅದು ಕೊಡಿ’ ಎನ್ನುತ್ತದೆ.

ಧ್ವನಿ ಹೊಂದಿಸುವುದು

ಕನ್ಸೋಲಿನಲ್ಲಿ ಕೂತವರು ಬಳಸಬಾರದ ಪದಗಳು: ಅದು, ಇದು, ಅಲ್ಲಿ, ಇನ್ನೊಂಚೂರು. ಎಲ್ಲಕ್ಕಿಂತ ಅಪಾಯದ್ದು ‘ಈಚೆ’.

‘ಸಕ್ಷನ್ ಸ್ವಲ್ಪ ಈಚೆ’ ಅಂದರು ಅನ್ನಿ. ರೋಗಿಯ ಪಕ್ಕ ನಿಂತ ಜೂನಿಯರ್‌ಗೆ ಈಚೆ ಎಂದರೆ ತನ್ನ ಹೊಟ್ಟೆಯ ಕಡೆ. ಸರ್ಜನ್‌ಗೆ ಈಚೆ ಎಂದರೆ ಪರದೆಯ ಕೆಳಗಡೆ. ರೋಗಿಗೂ ಒಂದು ಈಚೆ ಇದೆ, ಆದರೆ ಅವರು ನಿದ್ದೆಯಲ್ಲಿದ್ದಾರೆ. ಮೂರು ಈಚೆಗಳ ನಡುವೆ ಸಕ್ಷನ್ ತುದಿ ಹೋಗಿ ಕ್ಯಾಮೆರಾಗೆ ತಾಕುತ್ತದೆ, ಲೆನ್ಸ್ ಕೆಂಪಾಗುತ್ತದೆ, ಅಶರೀರವಾಣಿಯೂ ಕೆಂಪಾಗುತ್ತದೆ. ಸರಿಯಾದ ಕ್ರಮ ಹೀಗೆ:

‘(ಇಲ್ಲಿ ಹೆಸರು ತುಂಬಿ), ಸಕ್ಷನ್ ರೋಗಿಯ ಎಡಕ್ಕೆ, ಒಂದು ಸೆಂಟಿಮೀಟರ್.’

‘ರೋಗಿಯ ಎಡಕ್ಕೆ, ಒಂದು ಸೆಂಟಿಮೀಟರ್. ಬಂದೆ.’

‘ಸರಿ. ಅಲ್ಲೇ ಇರಲಿ.’

ಹೇಳಿದ್ದನ್ನೇ ತಿರುಗಿ ಹೇಳುವುದು ಗಿಳಿಪಾಠವಲ್ಲವೇ ಎಂದು ಕೇಳುವವರು ಒಮ್ಮೆ ಬಸ್ ನಿಲ್ದಾಣಕ್ಕೆ ಹೋಗಿ ರಿವರ್ಸ್ ಬರುವ ಬಸ್ ನೋಡಿ. ಡ್ರೈವರ್‌ಗೆ ಹಿಂದಿನದು ಕಾಣದು. ಕಂಡಕ್ಟರ್ ಬಾಡಿ ತಟ್ಟುತ್ತಾ ‘ಬರ್ಲಿ ಬರ್ಲಿ’ ಎನ್ನುತ್ತಲೇ ಇರಬೇಕು. ದನಿ ನಿಂತಿತೋ, ಬ್ರೇಕ್. ಕಂಡಕ್ಟರ್ ಏನೋ ಯೋಚಿಸುತ್ತಿರಬಹುದು ಎಂದುಕೊಂಡು ಯಾವ ಡ್ರೈವರೂ ಹಿಂದೆ ಬರುವುದಿಲ್ಲ. ಓಟಿಯಲ್ಲಿ ಮಾತ್ರ ಮೌನವನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯುತ್ತಾರೆ.

ಇನ್ನೊಂದು ಮಾತು. ಈ ಯಂತ್ರ ಕೈನಡುಕವನ್ನು ಸೋಸಿಬಿಡುತ್ತದೆ. ದನಿಯ ನಡುಕ, ಸಿಟ್ಟು ಸೋಸುವ ಫಿಲ್ಟರ್ ಇಲ್ಲ. ಗೂಡಿನಿಂದ ತಲೆ ತೆಗೆದ ಕ್ಷಣ ಸೆನ್ಸರ್‌ಗೆ ತಿಳಿದು ಉಪಕರಣಗಳು ಇದ್ದಲ್ಲೇ ನಿಲ್ಲುತ್ತವೆ, ಬಾಯಿ ನಿಲ್ಲುವುದಿಲ್ಲ. ಪ್ರತಿ ಉಪಕರಣ ಇನ್ನೆಷ್ಟು ಸಲ ಬಳಕೆಗೆ ಬರುತ್ತದೆ ಎಂಬುದನ್ನು ಯಂತ್ರವೇ ಎಣಿಸಿ ತೋರಿಸುತ್ತದೆ. ಸಿಸ್ಟರ್‌ಗಳ ತಾಳ್ಮೆಗೆ ಅಂಥ ಕೌಂಟರ್ ಕೂರಿಸಿಲ್ಲ.

ಎಚ್ಚರಿಕೆ

ಒಳಗೆ ಉಪಕರಣ ಒಂದು ಇಂಚು ಸರಿದರೆ ಹೊರಗೆ ತೋಳು ದೊಡ್ಡ ವೃತ್ತದಲ್ಲಿ ಬೀಸುತ್ತದೆ. ಅದು ಜೂನಿಯರ್‌ನ ಮೊಣಕೈಗೆ ಬಡಿಯಿತೋ, ರೋಗಿಯ ಮುಖದ ಹತ್ತಿರ ಬಂತೋ ಸರ್ಜನ್‌ಗೆ ಗೊತ್ತಾಗದು. ‘ತೋಳು ಮುಖದ ಹತ್ತಿರ, ನಿಲ್ಲಿಸಿ’ ಎನ್ನಲು ಓಟಿಯಲ್ಲಿ ಅತಿ ಕಿರಿಯರಿಗೂ ಹಕ್ಕಿದೆ. ಹಾಗೆ ಅಂದವರಿಗೆ ‘ಯಾರದು?’ ಎಂಬ ಉತ್ತರ ಸಿಕ್ಕಿದರೆ ಮುಂದಿನ ಸಲ ಯಾರೂ ಅನ್ನುವುದಿಲ್ಲ. ನಾನೇ ಒಮ್ಮೆ ಅಂದಿರಲಿಲ್ಲ. ಅವತ್ತು ಏನೂ ಆಗಲಿಲ್ಲ ಅನ್ನುವುದು ಅದೃಷ್ಟ.

ನಗು ಇಲ್ಲದ ಒಂದು ಪ್ಯಾರಾ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 2015ರಲ್ಲಿ ರೋಬೋಟ್ ಬಳಸಿ ಹೃದಯದ ಮೈಟ್ರಲ್ ಕವಾಟ ಸರಿಪಡಿಸಿದ ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡರು. 2018ರ ವಿಚಾರಣೆಯಲ್ಲಿ ತರಬೇತಿಯ ಕೊರತೆಯ ಜೊತೆಗೆ ಇನ್ನೂ ಎರಡು ಸಂಗತಿ ಹೊರಬಿದ್ದವು: ಕನ್ಸೋಲಿನ ದನಿ ಸರಿಯಾಗಿ ಕೇಳದೆ ಮಾತುಕತೆಯೇ ಕಷ್ಟವಾಗಿತ್ತು, ಮಾರ್ಗದರ್ಶನಕ್ಕೆ ಬಂದಿದ್ದ ತಜ್ಞರು ನಡುವೆಯೇ ಹೊರಟುಹೋಗಿದ್ದರು.

ಗುಣಮಟ್ಟ ಪರೀಕ್ಷೆ

ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಸರ್ಜನ್‌ಗಳಿಗೆ ಅಂಕ ಕೊಡುವ ‘ನಾಟ್ಸ್’ ಎಂಬ ಪದ್ಧತಿ ರೂಪಿಸಿದ್ದಾರೆ. ಸುತ್ತಮುತ್ತಲಿನ ಅರಿವು, ನಿರ್ಧಾರ, ಮಾತು ಮತ್ತು ತಂಡದ ಕೆಲಸ, ಮುಂದಾಳುತನ, ಈ ನಾಲ್ಕಕ್ಕೆ ಅಂಕ. ಗಂಟು ಎಷ್ಟು ಚೆನ್ನಾಗಿ ಹಾಕುತ್ತಾರೆ ಎಂಬುದಕ್ಕೆ ಅದರಲ್ಲಿ ಜಾಗವೇ ಇಲ್ಲ. ನಮ್ಮ ಓಟಿಯಲ್ಲಿ ಇದನ್ನು ಚಹಾ ಕುಡಿಯುವಾಗ ಅನಧಿಕೃತವಾಗಿ ಮಾಡುತ್ತೇವೆ.

ಸಾಮಾನ್ಯವಾಗಿ ಕೇಳುವ ಪ್ರಶ್ನೆ

ಸರ್ಜನ್ ಇನ್ನೂ ದೂರ ಕೂತರೆ ನೆಮ್ಮದಿಯೇ? 2001ರ ಸೆಪ್ಟೆಂಬರ್ 7ರಂದು ಸರ್ಜನ್ ಜಾಕ್ ಮಾರೆಸ್ಕೋ ನ್ಯೂಯಾರ್ಕ್‌ನಲ್ಲಿ ಕೂತು ರೋಬೋಟ್ ಮೂಲಕ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಮಹಿಳೆಯ ಪಿತ್ತಕೋಶ ತೆಗೆದರು. ಆಗಲೂ ರೋಗಿಯ ಪಕ್ಕ ಒಂದು ತಂಡ ನಿಂತೇ ಇತ್ತು. ಸರ್ಜನ್ ಸಾಗರ ದಾಟಬಹುದು, ನಾವು ಟೇಬಲ್ ಬಿಡುವ ಹಾಗಿಲ್ಲ.

ದೋಷ ನಿವಾರಣೆ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಚೆಕ್‌ಲಿಸ್ಟ್ ಪ್ರಕಾರ, ಚರ್ಮಕ್ಕೆ ಬ್ಲೇಡ್ ತಾಗುವ ಮುಂಚೆ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಬೇಕು. ನಮ್ಮಲ್ಲಿ ಒಂದು ದಿನ ಸರ್ಜನ್, ಅನಸ್ತೀಸಿಯಾದವರು, ಜೂನಿಯರ್, ನಾನು, ಇಷ್ಟಕ್ಕೇ ‘ಆಯ್ತು, ಆಯ್ತು, ಶುರು ಮಾಡೋಣ’ ಎಂದಾಯಿತು.

ಎರಡು ಗಂಟೆ ಕಳೆದ ಮೇಲೆ ಗ್ರಾಸ್ಪರ್ ಅಂಗಾಂಶ ಕಚ್ಚಿಕೊಂಡು ಬಿಡದೆ ನಿಂತಿತು. ಅದಕ್ಕೊಂದು ಉಪಾಯವಿದೆ: ಸಣ್ಣ ಕೀಲಿ ಹಾಕಿ ತಿರುಗಿಸಿದರೆ ದವಡೆ ಕೈಯಿಂದಲೇ ತೆರೆಯುತ್ತದೆ. ಕೀಲಿ ಎಲ್ಲಿ? ಟ್ರಾಲಿಯಲ್ಲಿಲ್ಲ. ಸರ್ಕ್ಯುಲೇಟಿಂಗ್ ಸಿಸ್ಟರ್ ಕಪಾಟು ತೆಗೆದಳು, ಮುಚ್ಚಿದಳು. ಸ್ಪೀಕರ್ ‘ಕೀ, ಕೀ’ ಎಂದಿತು. ಬಾಗಿಲ ಬಳಿ ನಿಂತಿದ್ದ ವಾರ್ಡ್‌ಬಾಯ್ ಎರಡನೇ ಡ್ರಾಯರ್ ಎಳೆದು, ಗ್ಲೌಸ್ ಡಬ್ಬದ ಹಿಂದಿದ್ದ ಸ್ಟೆರೈಲ್ ಪ್ಯಾಕೆಟ್ ತೆಗೆದು ಅವಳ ಕೈಗಿಟ್ಟ. ಕೀಲಿ ತಿರುಗಿತು, ದವಡೆ ಬಿಟ್ಟಿತು.

ಸರ್ಜನ್ ಗೂಡಿನಿಂದ ಮುಖ ತೆಗೆದರು. ಹಣೆಯ ಮೇಲೆ ಗೂಡಿನ ದಿಂಬಿನ ಗೆರೆ ಕೆಂಪಗೆ ಮೂಡಿತ್ತು. ಬೆಳಕಿಗೆ ಕಣ್ಣು ಕಿರಿದು ಮಾಡಿ ಬಾಗಿಲ ಕಡೆ ನೋಡಿ, ‘ನಿನ್ನ ಹೆಸರೇನಪ್ಪಾ?’ ಎಂದರು.

ನಾಲ್ಕು ವರ್ಷದಿಂದ ಇದೇ ಓಟಿಯಲ್ಲಿದ್ದವನು ಹೆಸರು ಹೇಳಿದ. ಗ್ಲೌಸಿನೊಳಗಿದ್ದ ನನಗೆ ಬರೆದುಕೊಳ್ಳಲು ಆಗಲಿಲ್ಲ.