ಧರ್ಮದಲ್ಲಿ ಪಿಎಚ್.ಡಿ. ಮಾಡುವವನು

ಧರ್ಮದ ಮೇಲೆ ಪಿಎಚ್.ಡಿ. ಮಾಡುವವನು ಸೀತೂರಿನ ಸುತ್ತಮುತ್ತ ಹುಡುಕದೆಯೂ ಸಿಗುತ್ತಾನೆ. ವಯಸ್ಸು ಮೂವತ್ತರ ಆಚೀಚೆ. ಹೆಗಲಿಗೆ ಯಾವುದೋ ವಿಚಾರ ಸಂಕಿರಣದಲ್ಲಿ ಪುಕ್ಕಟೆ ಕೊಟ್ಟ ಬ್ಯಾಗು. ಅದರೊಳಗೆ ಕಾಫಿ ಕಲೆಯಾದ ಸಾರಲೇಖ, ಫೋನಿನ ಚಾರ್ಜರ್, ಗೈಡ್ ಮನೆಗೆಂದು ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ.

ಈ ತಳಿ ಇಲ್ಲಿ ಬೆಳೆಯಲು ನೆಲವೇ ಕಾರಣ. ನರಸಿಂಹರಾಜಪುರ ತಾಲ್ಲೂಕಿನ ಈ ಊರಿಂದ ಬೈಕು ಹತ್ತಿದರೆ ಶೃಂಗೇರಿಯ ಶಾರದಾ ಪೀಠ, ಬಾಳೆಹೊನ್ನೂರಿನ ರಂಭಾಪುರಿ ಪೀಠ, ಹರಿಹರಪುರದ ಮಠ, ಸಿಂಹನಗದ್ದೆಯ ಜ್ವಾಲಾಮಾಲಿನಿ, ಕೇರಳದಿಂದ ಬಂದು ನೆಲೆಸಿದವರ ಚರ್ಚು, ಎಲ್ಲವನ್ನೂ ನೋಡಿಕೊಂಡು ಮನೆಗೆ ವಾಪಸಾಗಬಹುದು. ಅದ್ವೈತದ ಪೀಠವಿರುವ ಶೃಂಗೇರಿ ಪೇಟೆಯ ನಡುವೆಯೇ ಪಾರ್ಶ್ವನಾಥ ಬಸದಿಯಿದೆ. ಇದೆಲ್ಲ ಸಾಲದು ಎಂಬಂತೆ ತೋಟಗಳಲ್ಲಿ ಚೌಡಿ, ಭೂತ, ನಾಗಬನ. ಹಾಗಾಗಿ ವಿಷಯಕ್ಕೆ ಬರವಿಲ್ಲ. ಬರವಿರುವುದು ಇನ್ನೊಬ್ಬರು ಮುಟ್ಟದ ವಿಷಯಕ್ಕೆ. ಶೃಂಗೇರಿ ಮಠದ ಮೇಲೆ 1791ರಲ್ಲಿ ಮರಾಠಾ ಪಡೆ ನಡೆಸಿದ ಲೂಟಿ ಹಾಗೂ ಅದಕ್ಕೆ ಮರುಗಿ ಟಿಪ್ಪು ಮಠಕ್ಕೆ ಬರೆದ ಪತ್ರಗಳನ್ನು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲೇ ಬೆಳಕಿಗೆ ತಂದರು. ಅಲ್ಲಿಂದೀಚೆಗೆ ಸಂಶೋಧಕರೆಲ್ಲ ಸರದಿಯಂತೆ ಅವನ್ನು ಹೊಸದಾಗಿ ಕಂಡುಹಿಡಿಯುತ್ತಲೇ ಇದ್ದಾರೆ. ಇವನೂ ಮೊದಲು ಅದನ್ನೇ ವಿಷಯವೆಂದು ಬರೆದು ಒಯ್ಯುತ್ತಾನೆ. ಗೈಡ್ ಆ ಹಾಳೆ ಪಕ್ಕಕ್ಕೆ ಸರಿಸಿ, "ಬೇರೆ ಎಂತಾದ್ರೂ ನೋಡ್ರಿ" ಎಂದ ಮೇಲೆಯೇ ಇವನಿಗೆ ತನ್ನ ಮನೆ ಹಿಂದಿನ ಚೌಡಿ ನೆನಪಾಗುವುದು. ಶೀರ್ಷಿಕೆ ತಯಾರಾಗುತ್ತದೆ: 'ಮಲೆನಾಡಿನಲ್ಲಿ ಚೌಡಿ ಆರಾಧನೆ: ಒಂದು ಅಧ್ಯಯನ'. ಆ 'ಒಂದು ಅಧ್ಯಯನ' ಇಲ್ಲದೆ ಅರ್ಜಿ ತುಂಬುವ ಧೈರ್ಯ ಯಾರಿಗೂ ಇಲ್ಲ.

ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಎಂಬ ವಿಷಯವುಂಟು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರಕ್ಕೆ ಬೇರೆ ವಿಭಾಗವೇ ಇದೆ. ಚೌಡಿಗೆ ಮಾತ್ರ ಎಲ್ಲೂ ವಿಭಾಗವಿಲ್ಲ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾ ಅಣೆಕಟ್ಟಿನ ಪಕ್ಕ ಶಂಕರಘಟ್ಟದಲ್ಲಿದೆ. ಬಾಳೆಹೊನ್ನೂರಿನಲ್ಲಿ ಹರಿಯುವ ಹೊಳೆ ನೇರ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಸಂಶೋಧಕ ಮಾತ್ರ ಬಸ್ಸು ಬದಲಿಸಿ ಕಾಡು ಸುತ್ತಿಕೊಂಡು ಹೋಗಬೇಕು. ಕನ್ನಡ ವಿಭಾಗಕ್ಕೆ ಕೊಂಡೊಯ್ದರೆ ಚೌಡಿ ಜಾನಪದ, ಸಮಾಜಶಾಸ್ತ್ರಕ್ಕೆ ಕೊಂಡೊಯ್ದರೆ ಸಂಸ್ಥೆ, ಇತಿಹಾಸದವರಿಗೆ ಶಾಸನ ಬೇಕು. ಎಲ್ಲಿ ಸೀಟು ಖಾಲಿಯೋ ಅಲ್ಲಿನ ರೂಪವನ್ನು ಚೌಡಿ ತಾಳುತ್ತಾಳೆ.

2022ರ ಯುಜಿಸಿ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6, ಮರುನೋಂದಣಿಯಾದರೆ ಇನ್ನೆರಡು. ಈತ ಓದಿಕೊಳ್ಳುವುದು ಗರಿಷ್ಠದಿಂದ ಮೇಲಕ್ಕೆ. ತಪ್ಪು ಅವನದಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಬೇಕು, ದೀಪಾವಳಿ ಕಳೆದರೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು; ಬೇಸಿಗೆ ಬಂತೆಂದರೆ ಮದುವೆ, ಜಾತ್ರೆ. ಜಾತ್ರೆಗೆ ಹೋದದ್ದು ಪ್ರಗತಿ ವರದಿಯಲ್ಲಿ 'ಕ್ಷೇತ್ರಕಾರ್ಯ' ಎಂದು ದಾಖಲಾಗುತ್ತದೆ. ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಮುಂದೆ ಅದೇ ಫೋಟೋಗಳು ಬೇರೆ ಕ್ರಮದಲ್ಲಿ ಬರುತ್ತವೆ.

ನಿಜವಾದ ಕ್ಷೇತ್ರಕಾರ್ಯ ನಡೆಯುವುದು ಚೌಡಿ ಪೂಜೆ ಮಾಡುವ ಮುದುಕರ ಜಗಲಿಯಲ್ಲಿ. ಸಂಶೋಧಕ ಪ್ರಶ್ನಾವಳಿ ಬಿಡಿಸಿ, "ಚೌಡಿಯ ಬಗ್ಗೆ ನಿಮ್ಮ ಗ್ರಹಿಕೆ ಏನು?" ಎಂದು ಓದುತ್ತಾನೆ. ಮುದುಕರು ಎಲೆಗೆ ಸುಣ್ಣ ಹಚ್ಚುತ್ತ, "ಗ್ರಹಿಕೆ ಎಂತದ್ದೋ ಮಾರಾಯ! ಹೋದ ವರ್ಷ ನಿನ್ನಪ್ಪ ಹೇಳ್ಕೊಂಡ ಕೋಳಿ ಇನ್ನೂ ಬಂದಿಲ್ಲ, ಅದನ್ನ ಬರ್ಕೋ" ಎನ್ನುತ್ತಾರೆ. ಪ್ರಬಂಧದಲ್ಲಿ ಇದು 'ಹರಕೆಯು ಕೊಡುಕೊಳ್ಳುವಿಕೆಯನ್ನು ಆಧರಿಸಿದ ಸಾಮಾಜಿಕ ಒಪ್ಪಂದ' ಎಂದಾಗಿ, ಕೆಳಗೆ ಅಡಿಟಿಪ್ಪಣಿಯಲ್ಲಿ ಡರ್ಕೈಮ್ ಕಾಣಿಸಿಕೊಳ್ಳುತ್ತಾನೆ. ಫ್ರಾನ್ಸಿನ ಈ ಸಮಾಜಶಾಸ್ತ್ರಜ್ಞ ಆಸ್ಟ್ರೇಲಿಯಾಕ್ಕೆ ಕಾಲಿಡದೆಯೇ ಅಲ್ಲಿನ ಮೂಲನಿವಾಸಿಗಳ ಧರ್ಮದ ಮೇಲೆ 1912ರಲ್ಲಿ ದೊಡ್ಡ ಪುಸ್ತಕ ಬರೆದವನು. ಹಿತ್ತಿಲಲ್ಲೇ ಚೌಡಿಯನ್ನು ಇಟ್ಟುಕೊಂಡವನಿಗೆ ಅವನ ಸಾಕ್ಷಿ ಬೇಕು. ಮುದುಕರು ಅನುಬಂಧದಲ್ಲಿ 'ವಕ್ತೃ 7' ಆಗುತ್ತಾರೆ. ಬಾಕಿ ಕೋಳಿ ಅದೇ ವಾರ ಸಂದಾಯವಾಗುತ್ತದೆ. ಪ್ರಬಂಧದಲ್ಲಿ ಅದರ ಉಲ್ಲೇಖವಿರುವುದಿಲ್ಲ. ವಸ್ತುನಿಷ್ಠತೆಗೆ ಭಂಗ ಬರಬಾರದಲ್ಲ.

ಬರವಣಿಗೆ ಕೊನೆಯ ಆರು ತಿಂಗಳ ಕೆಲಸ. ಕೃತಿಚೌರ್ಯದ ಬಗೆಗಿನ 2018ರ ನಿಯಮ ಶೇ. 10ರವರೆಗಿನ ಹೋಲಿಕೆಯನ್ನು ಮನ್ನಿಸುತ್ತದೆ. ಕೃತಜ್ಞತೆಯ ಪುಟಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಔದಾರ್ಯದ ಪೂರ್ಣ ಲಾಭ ಪಡೆದು, ಹಿರಿಯ ಮಿತ್ರನ ಪ್ರಬಂಧದಿಂದ ಕೃತಜ್ಞತೆಯನ್ನು ಇಡಿಯಾಗಿ ಎತ್ತಿಕೊಳ್ಳುವುದು ರೂಢಿ. ಅದರಲ್ಲಿ ಮಿತ್ರನ ಹೆಂಡತಿಗೆ ಅರ್ಪಿಸಿದ ವಂದನೆ ಉಳಿದುಬಿಟ್ಟು, ಇನ್ನೂ ಮದುವೆಯಾಗದ ಸಂಶೋಧಕ ಬೈಂಡಿಂಗ್ ಆದ ಮೇಲೆ ಬೆವರುವುದೂ ಉಂಟು.

ಮೌಖಿಕ ಪರೀಕ್ಷೆ ಮುಕ್ತ. ಊರಿಂದ ಜನ ಜೀಪು ತುಂಬ ಬರುತ್ತಾರೆ ಕೂಡ. ಪ್ರಶ್ನೆ ಕೇಳುವ ಹಕ್ಕು ಸಭಿಕರಿಗಿದ್ದರೂ ಅವರ ಗಮನ ಊಟದ ವ್ಯವಸ್ಥೆಯ ಕಡೆ. ಪ್ರಬಂಧ 'ಶೋಧಗಂಗಾ' ಜಾಲದ ಸಂಗ್ರಹ ಸೇರುತ್ತದೆ, ಮನೆಯ ಮದುವೆ ಕಾಗದದಲ್ಲಿ ಹೆಸರಿನ ಹಿಂದೆ 'ಡಾ.' ಸೇರುತ್ತದೆ, ಪೇಟೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನ ಕೆಲಸ ಸಿಗುತ್ತದೆ. ಅಷ್ಟರಲ್ಲಿ ಪಕ್ಕದೂರಿನ ಹುಡುಗನೊಬ್ಬ ಸಾರಲೇಖದ ಸಾಫ್ಟ್ ಕಾಪಿ ಕೇಳಿಕೊಂಡು ಬರುತ್ತಾನೆ. ಅವನ ವಿಷಯ ಭೂತ. ಚೌಡಿ ಎಂದಿರುವಲ್ಲೆಲ್ಲ ಭೂತ ಎಂದು ಹಾಕಿಕೊಂಡರೆ ಅಧ್ಯಾಯ ವಿಂಗಡಣೆ ಹಾಗೇ ನಡೆಯುತ್ತದೆ.