ಗಾಂಧಾರದ ಗಡಿ ತಂಟೆ

ಬೆಳಗಾವಿಯಲ್ಲಿ ಗಡಿ ಅಂದಕೂಡಲೇ ಮಹಾಜನ ವರದಿ ಹೊರಬೀಳುತ್ತದೆ. 1967ರ ವರದಿ, 264 ಹಳ್ಳಿ ಅತ್ತ ಮಹಾರಾಷ್ಟ್ರಕ್ಕೆ, 247 ಹಳ್ಳಿ ಇತ್ತ ಕರ್ನಾಟಕಕ್ಕೆ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ. ಇದಕ್ಕಿಂತ ಬಹಳ ಹಳೆಯದೊಂದು ತಂಟೆ ಇದೇ ಊರಿನ ಹಾರ್ಮೋನಿಯಂ ಪೇಟಿಗಳೊಳಗೆ ಕೂತಿದೆ. ಅದಕ್ಕಾಗಿ ಇದುವರೆಗೆ ಯಾರೂ ಬಂದ್ ಕರೆದಿಲ್ಲ, ಬಸ್ಸಿಗೆ ಮಸಿ ಬಳಿದಿಲ್ಲ.

ವಿವಾದಿತ ಪ್ರದೇಶದ ಹೆಸರು ಶುದ್ಧ ಗಾಂಧಾರ. ಷಡ್ಜವನ್ನು ಸೆಕೆಂಡಿಗೆ 240 ಕಂಪನಕ್ಕೆ ಇಟ್ಟುಕೊಳ್ಳೋಣ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಏಳುವ ಗಾಂಧಾರವನ್ನು ಸಾಕ್ಷಿಗೆ ಕರೆದರೆ, ಅದು 300 ಎನ್ನುತ್ತದೆ. ಷಡ್ಜದಿಂದ ಪಂಚಮ, ಪಂಚಮದಿಂದ ರಿಷಭ, ಅಲ್ಲಿಂದ ಧೈವತ, ಅಲ್ಲಿಂದ ಗಾಂಧಾರ ಎಂದು ಮೆಟ್ಟಿಲು ಹತ್ತಿ ಬರುವ ಪೈಥಾಗೊರಸನ ಪಕ್ಷದವರು 303.75 ಎನ್ನುತ್ತಾರೆ. ಪೇಟಿ ಇಬ್ಬರ ನಡುವೆ ಕೂತು 302.4 ಎಂದು ಕಿರುಚುತ್ತದೆ. ಮೂವರ ಹಣೆಯ ಮೇಲೂ 'ಶುದ್ಧ' ಎಂಬ ಮುದ್ರೆ.

ಜಗಳದ ಮೂಲ ಮನುಷ್ಯನದಲ್ಲ, ಲೆಕ್ಕದ್ದು. ಪಂಚಮದ ಮೇಲೆ ಪಂಚಮ ಹನ್ನೆರಡು ಸಲ ಏರಿದರೆ ಏಳು ಸಪ್ತಕ ದಾಟಿ ಷಡ್ಜಕ್ಕೇ ಬಂದು ಮುಟ್ಟಬೇಕು. ಮುಟ್ಟುವುದಿಲ್ಲ, ಅರ್ಧ ಸ್ವರದ ಕಾಲುಭಾಗದಷ್ಟು ಹೆಚ್ಚಾಗಿ ಉಳಿಯುತ್ತದೆ. ಉಳಿದದ್ದನ್ನು ಯಾರ ತಲೆಗೆ ಕಟ್ಟುವುದು? ಯುರೋಪಿನವರು ಶತಮಾನಗಟ್ಟಲೆ ಹೊಡೆದಾಡಿ, ಕೊನೆಗೆ ಸರ್ವಪಕ್ಷ ಸಭೆಯ ತೀರ್ಮಾನಕ್ಕೆ ಬಂದರು: ಹನ್ನೆರಡೂ ಪಂಚಮಗಳಿಗೆ ಸಮನಾಗಿ ಹಂಚಿ, ಎಲ್ಲರಿಗೂ ಸಮಾನ ಅನ್ಯಾಯ ಆಗಲಿ. ಷಡ್ಜಕ್ಕೆ ಮಾತ್ರ ಏನೂ ಆಗಲಿಲ್ಲ. ಸಭೆಯ ಅಧ್ಯಕ್ಷರಿಗೆ ಎಲ್ಲಿಯಾದರೂ ನಷ್ಟವಾದದ್ದುಂಟೆ?

ನಮ್ಮ ಕಡೆ ಈ ತಂಟೆಯನ್ನು ಸರ್ವೆ ಮಾಡಿಯೇ ಮುಗಿಸುತ್ತೇವೆಂದು ಹೊರಟವರು ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ ಮತ್ತು ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್. ದೇವಲರು ಡೆಪ್ಯುಟಿ ಕಲೆಕ್ಟರ್ ಆಗಿದ್ದವರು. ಹೊಲದ ಬಾಂದು ಕಲ್ಲು ನೆಟ್ಟವರಿಗೆ ಸ್ವರದ ಬಾಂದು ಕಲ್ಲು ಯಾವ ಲೆಕ್ಕ! ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ಶ್ರುತಿ ಹಾರ್ಮೋನಿಯಂ ಮಾಡಿಸಿ, 1916ರ ಬಡೋದೆಯ ಸಂಗೀತ ಪರಿಷತ್ತಿನ ಮುಂದಿಟ್ಟರು. ಗವಾಯಿಗಳು ಒಪ್ಪಲಿಲ್ಲ. ಪಹಣಿಯಲ್ಲಿ ಬರೆದಲ್ಲಿ ಗಾಂಧಾರ ಕೂರಲೊಲ್ಲದು. ರಾಗ ಬದಲಾದಂತೆ ಅದು ಅತ್ತಿತ್ತ ಸರಿಯುತ್ತದೆ.

ಆಮೇಲೆ ಶುದ್ಧಿಯ ಗುತ್ತಿಗೆ ರೇಡಿಯೋಗೆ ಹೋಯಿತು. ಪೇಟಿ ಪರದೇಶಿ, ಅದರಿಂದ ಭಾರತೀಯ ಸ್ವರ ಕೆಡುತ್ತದೆ ಎಂದು 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಬಹಿಷ್ಕಾರ. ಆಗ ರೇಡಿಯೋದ ಮುಖ್ಯಸ್ಥರು ಲಯೊನೆಲ್ ಫೀಲ್ಡನ್. ಪೇಟಿಯ ವಿರುದ್ಧ ಮೊದಲೇ ಲೇಖನ ಬರೆದಿದ್ದವರು ಸಂಗೀತ ಸಂಯೋಜಕ ಜಾನ್ ಫೌಲ್ಡ್ಸ್. ಇಬ್ಬರೂ ಇಂಗ್ಲಿಷರು! ಪರದೇಶಿ ವಾದ್ಯ ಓಡಿಸಲೂ ಪರದೇಶಿಗಳೇ ಬೇಕಾದರು. ಅವರು ಹೋದರೂ ನಾವು ನಿಷೇಧವನ್ನು ಭಕ್ತಿಯಿಂದ ಕಾಪಾಡಿಕೊಂಡೆವು. ಧಾರವಾಡದ ನಿಲಯ 1950ರಲ್ಲಿ ಹುಟ್ಟಿದ್ದೇ ಅದರ ನೆರಳಿನಲ್ಲಿ. ಬಿಗಿ ಸಡಿಲಾಗಲು 1971 ಬರಬೇಕಾಯಿತು. ಅಷ್ಟು ವರ್ಷವೂ ಬೆಳಗಾವಿಯಲ್ಲಿ, ಕಾಗವಾಡದಲ್ಲಿ ಹುಟ್ಟಿದ ರಾಮಭಾವು ಬಿಜಾಪುರೆ (1917–2010) ಅದೇ 'ಕೆಟ್ಟ' ಪೇಟಿಯನ್ನು ನುಡಿಸಿ, ಮಂದಿಗೆ ಕಲಿಸಿ, ದೊಡ್ಡ ಗವಾಯಿಗಳಿಗೆ ಸಾಥ್ ಕೊಡುತ್ತಿದ್ದರು. ಬಲ್ಲ ಸಾಥಿದಾರ ಗವಾಯಿ ಗಾಂಧಾರದ ಮೇಲೆ ನಿಂತಾಗ ತನ್ನ ಗಾಂಧಾರದ ಮೇಲೆ ಬೆರಳು ಊರುವುದಿಲ್ಲ. ಮುಟ್ಟಿದಂತೆ ಮಾಡಿ ಜಾರುತ್ತಾನೆ. ಗಡಿ ಭಾಗದಲ್ಲಿ ಬಾಳಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಿಲ್ಲ.

ಇಷ್ಟೆಲ್ಲ ಆದ ಮೇಲೂ ಮೂಲ ಷಡ್ಜ ಎಲ್ಲಿದೆ ಅನ್ನುವುದೇ ಗಟ್ಟಿಯಿಲ್ಲ. ಫ್ರಾನ್ಸ್ 1859ರಲ್ಲಿ ಪಾಶ್ಚಾತ್ಯರ ಅಳತೆಯ ಸ್ವರವಾದ 'ಎ'ಯನ್ನು 435ಕ್ಕೆ ಕಟ್ಟಿತು. 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿದವರು 440 ಎಂದರು. ಬ್ರಿಟಿಷ್ ಸೇನೆಯ ಬ್ಯಾಂಡುಗಳೋ ಬಹುಕಾಲ 452ರ ಆಸುಪಾಸಿನಲ್ಲಿ ಊದುತ್ತಿದ್ದವು. ಹಳೆಯ ಪೇಟಿಯ ರೀಡು ಯಾವ ಕಾಲದ್ದು, ಎಷ್ಟು ಸಲ ಅರ ತಿಂದದ್ದು, ದೇವರೇ ಬಲ್ಲ. ಅದಕ್ಕೇ ಖಾನಾಪುರದ ಕಡೆ ಭಜನಿ ಮೇಳದಲ್ಲಿ ಅಭಂಗಕ್ಕೂ ವಚನಕ್ಕೂ ಮುಂಚೆ, ಷಡ್ಜ ಪೇಟಿಯ ಯಾವ ಕರಿ ಮನೆ ಎಂದು ಗೊತ್ತುಮಾಡುವ ಈ ಪದ ಕೇಳಿಸುತ್ತದೆ:

"ಮಾಸ್ತರ, ಕರಿ ಎರಡು ಹಿಡೀರಿ."

"ಹಿಡದೇನಿ ತಮ್ಮಾ. ಆ ಕೀಬೋರ್ಡಿನ ಹುಡುಗಗ ಕೇಳು, ಅವಂದು ಯಾವೂರ ಕರಿ ಎರಡು ಅಂತ."

ಈಗ ತೀರ್ಪು ಕೊಡುವ ಹೊಸ ನ್ಯಾಯಾಧೀಶರು ಮೊಬೈಲಿನೊಳಗೆ ಬಂದು ಕೂತಿದ್ದಾರೆ. ಶ್ರುತಿ ನೋಡುವ ಸಾಮಾನ್ಯ ಆ್ಯಪ್‌ಗೆ ಗೊತ್ತಿರುವುದು ಸರ್ವಪಕ್ಷ ಸಭೆಯ ಗಾಂಧಾರ ಒಂದೇ. 302.4ಕ್ಕೆ ಹಾಡಿದರೆ ಹಸಿರು ದೀಪ. ಟಿಳಕವಾಡಿಯ ಒಬ್ಬ ತಂದೆ, ಸಂಗೀತ ಪರೀಕ್ಷೆಗೆ ಕಟ್ಟಿದ ಮಗಳ ಮುಂದೆ ಫೋನು ಹಿಡಿದು ಕೂತಿರುತ್ತಾನೆ. ಅವಳು ತಂಬೂರಿಗೆ ಕಿವಿಗೊಟ್ಟು ನೇರ 300ಕ್ಕೆ ಹೋಗಿ ನಿಲ್ಲುತ್ತಾಳೆ. ಕೆಂಪು ದೀಪ.

"ಸರಿ ಅದ ಅಪ್ಪಾ, ತಂಬೂರಿ ಜೋಡಿ ಕೂಡತದ."

"ಇಪ್ಪತ್ತು ಸಾವಿರದ ಫೋನ್ ಸುಳ್ಳ ಹೇಳತದೇನು? ಮ್ಯಾಲೆ ಎತ್ತು!"