ಮಿತವ್ಯಯಿ ಡೀಜೆ

ಮುಂಬಯಿಯ ಅಂಧೇರಿಯಲ್ಲಿ ಡೀಜೆ ಎಂಬವನು ಎರಡು ಬಗೆಯವನು: ವರ್ಸೋವಾದ ಕ್ಲಬ್ಬಿನಲ್ಲೋ ಮದುವೆಯ ಹಾಲ್‌ನಲ್ಲೋ ಹಣ ಪಡೆದು ಹಾಡು ಹಾಕುವವನು ಒಬ್ಬ, ಮನೆಯಲ್ಲಿ ಹಣ ಕಳೆದು ಹಾಡು ಹಾಕದೆ ಇರುವವನು ಇನ್ನೊಬ್ಬ. ಇಲ್ಲಿಯ ವಿವೇಚನೆಗೆ ವಸ್ತು ಎರಡನೆಯವನು. ಈತ ಸಾಮಾನ್ಯವಾಗಿ ಉಡುಪಿ-ಮಂಗಳೂರು ಕಡೆಯ ಕುಟುಂಬದ ಎರಡನೆಯ ತಲೆಮಾರಿನವನು. ತಂದೆ ಹೋಟೆಲಿನ ಗಲ್ಲೆಯಲ್ಲಿ ಕೂತು ಕಟ್ಟಿದ ಬದುಕಿನಿಂದ ಓದಿ, ಸೀಪ್ಝ್‌ನಲ್ಲಿ ಕಂಪ್ಯೂಟರಿನ ಕೆಲಸ ಹಿಡಿದು, ಮರೋಳದಲ್ಲಿ ಒನ್ ಬಿಎಚ್‌ಕೆ ಫ್ಲಾಟು ಕೊಂಡು, ಅದರ ಸಾಲದ ಕಂತು ಅರ್ಧ ಮುಗಿಯುವ ಹೊತ್ತಿಗೆ ರೆಕಾರ್ಡು ತಿರುಗಿಸುವ ಹಂಬಲಕ್ಕೆ ಬಿದ್ದವನು. ಇವನನ್ನು ಗುರುತಿಸುವುದು ಕಷ್ಟವಲ್ಲ. ಮೆಟ್ರೋದಲ್ಲಿ ಉಳಿದವರೆಲ್ಲ ಮೊಬೈಲಿನಲ್ಲಿ ಹಾಡು ಕೇಳುತ್ತಿರುವಾಗ ಈತ ಹಾಡು ಹಾಕುವ ಸಾಫ್ಟ್‌ವೇರುಗಳ ಬೆಲೆ ಓದುತ್ತಿರುತ್ತಾನೆ.

ಈತನಿಗೆ ಬೇಕಾದದ್ದು ಡಿವಿಎಸ್, ಅಂದರೆ ಡಿಜಿಟಲ್ ವಿನೈಲ್ ಪದ್ಧತಿ. ಈ ಪದ್ಧತಿಯಲ್ಲಿ ಟರ್ನ್‌ಟೇಬಲ್ಲಿನ ಮೇಲೆ ತಿರುಗುವ ರೆಕಾರ್ಡಿನಲ್ಲಿ ಹಾಡೇ ಇರುವುದಿಲ್ಲ. ಅದರ ಗೀರುಗಳಲ್ಲಿ ಒಂದೇ ಸಮನೆ ಕೀರುವ ಸ್ವರವೂ ಅದರೊಳಗೆ ಅಡಗಿಸಿದ ಟೈಮ್‌ಕೋಡ್ ಎಂಬ ಸ್ಥಾನಸೂಚಿ ಸಂಕೇತವೂ ಇರುತ್ತವೆ. ಮುಳ್ಳು ಇವನ್ನು ಎತ್ತಿಕೊಂಡು ಸೌಂಡ್ ಕಾರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಕೊಡುತ್ತದೆ, ಸಾಫ್ಟ್‌ವೇರು ಅದನ್ನು ಓದಿ ರೆಕಾರ್ಡು ಎಷ್ಟು ವೇಗವಾಗಿ, ಯಾವ ದಿಕ್ಕಿಗೆ, ಯಾವ ಜಾಗದಲ್ಲಿ ತಿರುಗುತ್ತಿದೆ ಎಂಬುದನ್ನು ತಿಳಿದು ಲ್ಯಾಪ್‌ಟಾಪಿನೊಳಗಿನ ಹಾಡನ್ನು ಹಾಗೆಯೇ ಕುಣಿಸುತ್ತದೆ. ಫೈನಲ್ ಸ್ಕ್ರ್ಯಾಚ್ ಎಂಬ ಹೆಸರಿನಲ್ಲಿ ಡಚ್ ತಂತ್ರಜ್ಞರು ಈ ಶತಮಾನದ ಆರಂಭದಲ್ಲಿ ಇದನ್ನು ಬಳಕೆಗೆ ತಂದರು. 2004ರಲ್ಲಿ ನ್ಯೂಜಿಲೆಂಡಿನ ಸೆರಾಟೊ ಕಂಪನಿಯ ಸ್ಕ್ರ್ಯಾಚ್ ಲೈವ್ ಬಂದ ಮೇಲೆ ಪೆಟ್ಟಿಗೆಗಟ್ಟಲೆ ರೆಕಾರ್ಡು ಹೊರುತ್ತಿದ್ದ ಡೀಜೆಗಳ ಬೆನ್ನು ನೆಟ್ಟಗಾಯಿತು.

ಹೊರುವ ರೆಕಾರ್ಡುಗಳು ಯಾವತ್ತೂ ಇಲ್ಲದಿದ್ದ ಮರೋಳದ ಗೃಹಸ್ಥನಿಗೆ ಇದರಿಂದ ಬೆನ್ನಿನ ಉಪಕಾರವೇನೂ ಆಗದಿದ್ದರೂ, ಟೈಮ್‌ಕೋಡ್ ಇರುವ ಎರಡು ನಿಯಂತ್ರಕ ರೆಕಾರ್ಡುಗಳನ್ನು ಆತ ಎಲ್ಲಕ್ಕಿಂತ ಮೊದಲೇ ತರಿಸಿಟ್ಟಿರುತ್ತಾನೆ. ಮಗಳ ಮನೆಗೆ ಬಂದ ಮಾವ ಅದರಲ್ಲೊಂದನ್ನು ತಮ್ಮ ಕಾಲದ ಹಾಡೆಂದು ಭಾವಿಸಿ ಪ್ಲೇಯರಿಗೆ ಹಾಕಿ, ಪ್ರೆಶರ್ ಕುಕ್ಕರು ಸೀಟಿ ಹಾಕಿ ನಿಲ್ಲಿಸಲು ಮರೆತಂತಹ ಧ್ವನಿಯನ್ನು ಎರಡು ನಿಮಿಷ ಸೌಜನ್ಯಕ್ಕಾಗಿ ಕೇಳಿ, "ಇದು ಹಾಳಾಗಿದೆ ಮಾರಾಯ್ರೆ, ಬಿಲ್ಲು ಇದ್ದರೆ ಅಂಗಡಿಗೆ ವಾಪಸು ಕೊಡಿ" ಎನ್ನುತ್ತಾರೆ. ಅಳಿಯ ಟೈಮ್‌ಕೋಡನ್ನು ವಿವರಿಸುತ್ತಾನೆ. ಹಾಡಿಲ್ಲದ ರೆಕಾರ್ಡಿಗೆ ಹಾಡಿನ ರೆಕಾರ್ಡಿನಷ್ಟೇ ಹಣ ಕೊಟ್ಟ ಅಳಿಯನ ಬಗ್ಗೆ ಮಾವನಿಗೆ ಆಗ ಮೂಡುವ ಅಭಿಪ್ರಾಯವನ್ನು ಅವರು ಮಗಳಿಗೆ ಮಾತ್ರ, ತುಳುವಿನಲ್ಲಿ, ಅಡುಗೆಮನೆಯಲ್ಲಿ ಹೇಳುತ್ತಾರೆ.

ಈ ವರ್ಗದ ನಿಜವಾದ ವಾದ್ಯ ಟರ್ನ್‌ಟೇಬಲ್ ಅಲ್ಲ, ಕಚೇರಿಯ ಸಮಯದಲ್ಲಿ ತಯಾರಾದ ಹೋಲಿಕೆಯ ಕೋಷ್ಟಕ. ಸೆರಾಟೊ, ಟ್ರಾಕ್ಟರ್, ವರ್ಚುವಲ್ ಡೀಜೆ, ಮಿಕ್ಸ್ ಎಂದು ಸಾಲುಗಳು. ಪರವಾನಗಿಯ ಬೆಲೆ, ಡಿವಿಎಸ್‌ಗೆ ಬೇರೆ ಹಣ ಉಂಟೇ, ತಮ್ಮದೇ ಪಟ್ಟಿಯಲ್ಲಿರುವ ಯಂತ್ರವನ್ನೇ ಕೇಳುತ್ತಾರೆಯೇ ಎಂದು ಕಾಲಂಗಳು. ಮಿಕ್ಸ್ ಎಂಬುದು ಮುಕ್ತ ತಂತ್ರಾಂಶ, ಎಂದರೆ ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು, ಬಳಸಲು ಕಾಸು ಕೊಡಬೇಕಾಗಿಲ್ಲ. ಸೆರಾಟೊದವರ ನಿಯಂತ್ರಕ ರೆಕಾರ್ಡುಗಳನ್ನೂ ಅದು ಓದುತ್ತದೆ. ಲಿನಕ್ಸ್ ಬಲ್ಲವರಿಗೆ ಎಕ್ಸ್‌ವ್ಯಾಕ್ಸ್ ಎಂಬ ಇನ್ನೊಂದಿದೆ, ಅದು ಎಷ್ಟು ಸರಳವೆಂದರೆ ಅದರ ಪರದೆಯನ್ನು ಕಂಡು ಹೆಂಡತಿ ಆಫೀಸಿನ ಕೆಲಸವೆಂದೇ ತಿಳಿಯುತ್ತಾಳೆ. ವಿವೇಕಿಯಾದವನು ಮಿಕ್ಸ್ ಇಳಿಸಿಕೊಂಡು ಅದೇ ಸಂಜೆ ಹಾಡು ಹಾಕಬಹುದಾಗಿತ್ತು, ಮನೆಯ ಬಳಕೆಗೆ ಅದು ಧಾರಾಳವಾಗಿ ಸಾಕು. ಆದರೆ ಪುಕ್ಕಟೆ ಸಿಕ್ಕಿದ್ದನ್ನು ಪರೀಕ್ಷಿಸದೆ ಒಪ್ಪುವುದು ಮಿತವ್ಯಯಿಯ ಧರ್ಮವಲ್ಲ. ಅಲ್ಲದೆ ಸಾಫ್ಟ್‌ವೇರಿನಲ್ಲಿ ಉಳಿದ ಹಣವನ್ನು ಈತ ಗಳಿಸಿದ ಹಣವೆಂದೇ ಪರಿಗಣಿಸಿ, ಆ ಬಲದಿಂದ ಗ್ರಾಂಟ್ ರೋಡಿನ ರೈಲು ಹಿಡಿಯುತ್ತಾನೆ.

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯವನಿಂದ ಈತನಿಗೆ ತಿಳಿದುಬರುವುದೇನೆಂದರೆ, ಎರಡು ಟರ್ನ್‌ಟೇಬಲ್‌ಗಳಿಗೆ ಎರಡು ಸ್ಟೀರಿಯೊ ಒಳಹಾದಿಗಳುಳ್ಳ ಸೌಂಡ್ ಕಾರ್ಡು ಬೇಕು. ಮುಳ್ಳಿನಿಂದ ಬರುವ ಸಂಕೇತ ತೀರಾ ಕ್ಷೀಣವಾದ್ದರಿಂದ ಕಾರ್ಡಿನಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಹಿಗ್ಗಿಸುವ ಫೋನೊ ಪ್ರೀಆಂಪ್ ಬೇರೆ ಬೇಕು. ಬೆಲ್ಟಿನಿಂದ ತಿರುಗುವ ಹಳೆಯ ಪ್ಲೇಯರಿನ ತಟ್ಟೆ ಕೈಯಿಟ್ಟರೆ ಸೋತು ನಿಧಾನವಾಗಿ ಚೇತರಿಸಿಕೊಳ್ಳುವುದರಿಂದ ಮೋಟಾರೇ ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಬೇಕು. ಇದಕ್ಕೆ ಮಾದರಿಯಾದ, 1972ರಲ್ಲಿ ಹುಟ್ಟಿ 2010ರಲ್ಲಿ ನಿಂತು 2016ರಲ್ಲಿ ಮರುಹುಟ್ಟು ಪಡೆದ ಟೆಕ್ನಿಕ್ಸ್ ಎಸ್‌ಎಲ್-1200ರ ಬೆಲೆಯನ್ನು ಮಾತ್ರ ಕೇಳಬಾರದು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂಬ ಗಾದೆ ಈತನಿಗೆ ಪೂರ್ತಿಯಾಗಿ ಅನ್ವಯಿಸುವುದಿಲ್ಲ, ಏಕೆಂದರೆ ಇಲ್ಲಿ ಕುದುರೆ ಪುಕ್ಕಟೆ ಬಂದಿದೆ.

ಎಲ್ಲ ಕೂಡಿಬಂದ ಮೇಲೆ ಲೇಟೆನ್ಸಿಯ ಅಧ್ಯಾಯ ತೆರೆಯುತ್ತದೆ. ಕೈ ರೆಕಾರ್ಡನ್ನು ಸರಿಸುವುದಕ್ಕೂ ಸ್ಪೀಕರಿನಲ್ಲಿ ಅದು ಕೇಳುವುದಕ್ಕೂ ನಡುವಿನ ವಿಳಂಬಕ್ಕೆ ಈ ಹೆಸರು. ಸೆಕೆಂಡಿಗೆ 44,100 ಮಾದರಿಗಳಂತೆ ಹರಿಯುವ ಧ್ವನಿಯನ್ನು ಕಂಪ್ಯೂಟರು 512ರ ಕಂತಿನಲ್ಲಿ ತೆಗೆದುಕೊಂಡರೆ ಪ್ರತಿ ಕಂತಿಗೂ ಸುಮಾರು 12 ಮಿಲಿಸೆಕೆಂಡು ಹಿಡಿಯುತ್ತದೆ, 128ರ ಕಂತಾದರೆ ಸುಮಾರು 3. ದಿನವೂ ಸಾಕಿನಾಕಾದ ಸಿಗ್ನಲ್ಲಿನಲ್ಲಿ ರಿಕ್ಷಾದೊಳಗೆ ಅರ್ಧ ಗಂಟೆ ನಿಶ್ಚಿಂತನಾಗಿ ಕೂತಿರುವ ಈ ಮನುಷ್ಯ ಆ 9 ಮಿಲಿಸೆಕೆಂಡಿನ ವ್ಯತ್ಯಾಸವನ್ನು ತಾಳಲಾರ. ಕಂತನ್ನು ಇಳಿಸುತ್ತಾನೆ, ಹಳೆಯ ಲ್ಯಾಪ್‌ಟಾಪು ಹಾಡಿನ ನಡುವೆ ಚಟಪಟ ಎನ್ನುತ್ತದೆ, ಏರಿಸುತ್ತಾನೆ, ಮತ್ತೆ ಇಳಿಸುತ್ತಾನೆ, ಅಷ್ಟರಲ್ಲಿ ರಾತ್ರಿ ಹತ್ತು ಹೊಡೆಯುತ್ತದೆ. ವಸತಿ ಪ್ರದೇಶಗಳಲ್ಲಿ ರಾತ್ರಿ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ನೇ ಇಸವಿಯ ನಿಯಮಗಳು ಹೇಳುತ್ತವೆ. ಸೊಸೈಟಿಯ ಸೆಕ್ರೆಟರಿಗೆ ಆ ನಿಯಮ ಗೊತ್ತು.

ಅದೇ ಸೆಕ್ರೆಟರಿ ಚೌತಿಯ ಮುನ್ನಾದಿನ ಬಾಗಿಲು ತಟ್ಟಿ, ಸೊಸೈಟಿಯ ಗಣಪತಿಗೆ ಆರತಿಯ ಹಾಡು ಹಾಕುವ ಹೊಣೆಯನ್ನು ಈತನಿಗೆ ವಹಿಸುತ್ತಾನೆ. ಪೆನ್‌ಡ್ರೈವ್ ಸಾಕಾಗಿದ್ದ ಆ ಕೆಲಸಕ್ಕೆ ಟರ್ನ್‌ಟೇಬಲ್ಲು, ಕಾರ್ಡು, ವಯರುಗಳ ಗಂಟು ಎಲ್ಲವೂ ಲಿಫ್ಟಿನಲ್ಲಿ ಇಳಿಯುತ್ತವೆ. ಆರತಿ ಆರಂಭವಾದೊಡನೆ ಪಕ್ಕದ ಢೋಲಿನ ಹೊಡೆತಕ್ಕೆ ಮೇಜು ಅದುರಿ ಮುಳ್ಳು ಹಾರುತ್ತದೆ, ಮುಳ್ಳು ಹಾರಿದಲ್ಲಿಗೆ ಆರತಿಯೂ ಹಾರುತ್ತದೆ; ಏಕೆಂದರೆ ಸಾಫ್ಟ್‌ವೇರು ಅಬ್ಸಲ್ಯೂಟ್ ಮೋಡಿನಲ್ಲಿ, ಅಂದರೆ ರೆಕಾರ್ಡಿನ ಜಾಗವೇ ಹಾಡಿನ ಜಾಗವೆಂದು ನಂಬುವ ಸ್ಥಿತಿಯಲ್ಲಿದೆ. ವೇಗವನ್ನೂ ದಿಕ್ಕನ್ನೂ ಮಾತ್ರ ಲೆಕ್ಕಿಸುವ ರಿಲೆಟಿವ್ ಮೋಡಿಗೆ ಈತ ಬದಲಾಯಿಸುವಷ್ಟರಲ್ಲಿ ಜೊತೆಗೆ ಹಾಡುತ್ತಿದ್ದ ಹೆಂಗಸರು ಒಂದು ಚರಣ ಹಿಂದೆ ಉಳಿದಿರುತ್ತಾರೆ, ಅಥವಾ ಅವರ ಪ್ರಕಾರ, ಯಂತ್ರ ಮುಂದೆ ಓಡಿರುತ್ತದೆ. ಅವರ ಚಪ್ಪಾಳೆ ನಿಧಾನ. ಈತ ವೇಗದ ಪಟ್ಟಿಯನ್ನು ಕೊನೆಯ ತನಕ, ಶೇಕಡಾ 8ರವರೆಗೆ, ಇಳಿಸುತ್ತಾನೆ. ಸಾಲದೆ ತಿರುಗುವ ತಟ್ಟೆಯ ಅಂಚಿಗೆ ಬೆರಳು ತಾಗಿಸಿ ಚಪ್ಪಾಳೆಗೆ ಸರಿಯಾಗಿ ಎಳೆದು ಹಿಡಿಯುತ್ತಾನೆ. ಇಡೀ ಚರಣವೊಂದು ತಾಳ ತಪ್ಪದೆ ನಡೆಯುತ್ತದೆ. ಬೇರೊಬ್ಬರ ಲಯಕ್ಕೆ ರೆಕಾರ್ಡನ್ನು ಹೊಂದಿಸುವುದೇ ಡೀಜೆಯ ವಿದ್ಯೆಯಾದ್ದರಿಂದ, ಈತನನ್ನು ನ್ಯಾಯವಾಗಿ ಡೀಜೆ ಎನ್ನಬಹುದಾದ ಅವಧಿ ಅದೊಂದೇ.

ಮುಂದಿನ ಚರಣಕ್ಕೆ ಎರಡನೆಯ ಮಹಡಿಯ ಮರಾಠಿ ಅಜ್ಜಿ ಝಾಂಜಿನ ತಾಳ ನಿಲ್ಲಿಸದೆಯೇ ಈತನತ್ತ ತಿರುಗಿ, ಮೊಮ್ಮಗನಿಗೆ ಹೇಳುವ ಅಕ್ಕರೆಯಿಂದ, "ತೇ ಬಂದ್ ಕರ್, ಬಾಳಾ" ಎನ್ನುತ್ತಾರೆ. ಯಂತ್ರ ಬಂದಾಗುತ್ತದೆ, ಆರತಿ ಮೊದಲಿಗಿಂತ ಜೋರಾಗಿ ಮುಂದುವರಿಯುತ್ತದೆ, ಪ್ರಸಾದದ ಮೋದಕ ಡೀಜೆಗೂ ಸಿಗುತ್ತದೆ. ಕೆಲವು ಟರ್ನ್‌ಟೇಬಲ್‌ಗಳಲ್ಲಿ ವೇಗವನ್ನು ಶೇಕಡಾ 50ರವರೆಗೂ ಇಳಿಸಬಹುದೆಂದು ಈತ ಅದೇ ರಾತ್ರಿ ಕಂಡುಕೊಂಡು, ಕೋಷ್ಟಕಕ್ಕೆ ಹೊಸದೊಂದು ಕಾಲಂ ಸೇರಿಸುತ್ತಾನೆ.